ಭಿನ್ನರಾಶಿ ಕೂಡುವಾಗ ಮಕ್ಕಳು ಎಡವುವುದೆಲ್ಲಿ? ಸಾವಿರ ವರ್ಷದ ಹಿಂದೆಯೇ ಕನ್ನಡ ನಾಡಿನಲ್ಲಿತ್ತು ಸುಲಭ ದಾರಿ

ಚೆನ್ನೈ: 1/2ಕ್ಕೆ 1/3 ಕೂಡಿದರೆ ಎಷ್ಟು? ಈ ಪ್ರಶ್ನೆಗೆ 2/5 ಎಂದು ಉತ್ತರ ಬರೆಯುವ ಮಕ್ಕಳು ಬಹಳ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದರೆ ಬರುವ ಉತ್ತರವಿದು. ಆದರೆ 2/5 ಎಂದರೆ ಅರ್ಧಕ್ಕಿಂತಲೂ ಕಡಿಮೆ. ಅರ್ಧ ಹೋಳಿಗೆಗೆ ಇನ್ನೊಂದು ತುಂಡು ಸೇರಿಸಿದರೆ ಅದು ಅರ್ಧಕ್ಕಿಂತ ಚಿಕ್ಕದಾಗುವುದು ಹೇಗೆ?

ಈ ಗೊಂದಲ ತಪ್ಪಿಸುವ ದಾರಿಯನ್ನು 9ನೇ ಶತಮಾನದಲ್ಲೇ ಬರೆದಿಟ್ಟವರು ಜೈನ ಗಣಿತಜ್ಞ ಮಹಾವೀರಾಚಾರ್ಯ. ಅವರ ಗ್ರಂಥ ಅಚ್ಚಾಗಿ ಜಗತ್ತಿನ ಕೈಸೇರಿದ್ದು ಇಂದಿನ ಚೆನ್ನೈನಿಂದ.

ಛೇದ ಎಂದರೆ ತುಂಡಿನ ಅಳತೆ

ಭಿನ್ನರಾಶಿಯಲ್ಲಿ ಮೇಲಿನ ಸಂಖ್ಯೆ ಅಂಶ, ಕೆಳಗಿನದು ಛೇದ. ಎಷ್ಟು ತುಂಡುಗಳಿವೆ ಎಂಬುದನ್ನು ಅಂಶ ಹೇಳಿದರೆ, ಒಂದೊಂದು ತುಂಡು ಎಷ್ಟು ದೊಡ್ಡದು ಎಂಬುದನ್ನು ಛೇದ ಹೇಳುತ್ತದೆ. ಅಳತೆ ಬೇರೆ ಬೇರೆ ಇರುವ ತುಂಡುಗಳನ್ನು ನೇರವಾಗಿ ಎಣಿಸಲು ಬರುವುದಿಲ್ಲ. ಮೊದಲು ಒಂದೇ ಅಳತೆಗೆ ತರಬೇಕು.

ನಮ್ಮ ಹಿರಿಯರು ಸಂತೆಯಲ್ಲಿ ಮಾಡುತ್ತಿದ್ದುದೂ ಇದನ್ನೇ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವ ಮುನ್ನ ರೂಪಾಯಿಗೆ 16 ಆಣೆ. ಕಾಲು ರೂಪಾಯಿಗೆ ಅರೆಕಾಲು ರೂಪಾಯಿ ಸೇರಿಸಬೇಕೆಂದರೆ 4 ಆಣೆ, 2 ಆಣೆ, ಒಟ್ಟು 6 ಆಣೆ ಎನ್ನುತ್ತಿದ್ದರು. 1/4 + 1/8 ಲೆಕ್ಕವನ್ನು 4/16 + 2/16 ಮಾಡಿಕೊಂಡರು, ಅಷ್ಟೆ.

ಏನಿದು 'ನಿರುದ್ಧ'?

ಮಹಾವೀರಾಚಾರ್ಯರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ಸಂಸ್ಕೃತದಲ್ಲಿರುವ ಅವರ 'ಗಣಿತಸಾರಸಂಗ್ರಹ'ದ ಆರಂಭದಲ್ಲೇ ಆ ದೊರೆಯ ಹೊಗಳಿಕೆ ಇದೆ. ಭಿನ್ನರಾಶಿಗೆ ಮೀಸಲಾದ ಅಧ್ಯಾಯದ ಹೆಸರು 'ಕಲಾಸವರ್ಣ'. ಕಲಾ ಎಂದರೆ ಭಾಗ, ಸವರ್ಣ ಎಂದರೆ ಒಂದೇ ಬಗೆಯದು.

ಛೇದಗಳನ್ನು ಒಂದೇ ಮಾಡಲು ಅವರು ಬಳಸಿದ ಸಂಖ್ಯೆಯೇ 'ನಿರುದ್ಧ'. ಇಂದಿನ ಶಾಲೆಯ ಭಾಷೆಯಲ್ಲಿ ಅದು ಲ.ಸಾ.ಅ. ಈ ಕೆಲಸಕ್ಕೆ ಲ.ಸಾ.ಅ. ಬಳಸಲು ಹೇಳಿದ ಮೊದಲ ಭಾರತೀಯ ಗಣಿತಜ್ಞ ಅವರೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ಲೆಕ್ಕ ಮಾಡುವುದು ಹೀಗೆ

ಉದಾಹರಣೆಗೆ 5/12 + 7/18 ತೆಗೆದುಕೊಳ್ಳಿ.

1. 12 ಮತ್ತು 18, ಎರಡನ್ನೂ ಭಾಗಿಸುವ ದೊಡ್ಡ ಸಂಖ್ಯೆ 6. ಭಾಗಿಸಿದಾಗ ಉಳಿಯುವುದು 2 ಮತ್ತು 3.

2. ಈ ಮೂರನ್ನೂ ಗುಣಿಸಿ: 6 × 2 × 3 = 36. ಇದೇ ನಿರುದ್ಧ.

3. 36ರಲ್ಲಿ 12 ಮೂರು ಸಲ, 18 ಎರಡು ಸಲ ಹೋಗುತ್ತದೆ. ಹಾಗಾಗಿ 5/12 ಎಂಬುದು 15/36 ಆಗುತ್ತದೆ, 7/18 ಎಂಬುದು 14/36 ಆಗುತ್ತದೆ.

4. ಈಗ ಅಂಶಗಳನ್ನು ಮಾತ್ರ ಕೂಡಿ: 29/36.

ಕಳೆಯುವಾಗಲೂ ಇದೇ ಕ್ರಮ. 5/12ರಲ್ಲಿ 7/18 ಕಳೆದರೆ 15/36 − 14/36, ಅಂದರೆ 1/36.

ಛೇದಗಳನ್ನು ನೇರವಾಗಿ ಗುಣಿಸಿದರೂ ಉತ್ತರ ತಪ್ಪಾಗದು. ಆದರೆ ಆಗ ಛೇದ 216 ಆಗಿ, 174/216 ಬರುತ್ತದೆ. ಅದನ್ನು ಮತ್ತೆ 6ರಿಂದ ಭಾಗಿಸಿ 29/36ಕ್ಕೆ ಇಳಿಸಬೇಕು. ಸಂಖ್ಯೆ ದೊಡ್ಡದಾದಷ್ಟೂ ಗುಣಾಕಾರದಲ್ಲಿ ಕೈತಪ್ಪುವ ಸಂಭವ ಹೆಚ್ಚು. ನಿರುದ್ಧ ಉಳಿಸುವುದು ಈ ಶ್ರಮವನ್ನೇ.

ಮದ್ರಾಸಿನಲ್ಲಿ ಅಚ್ಚಾದ ಗ್ರಂಥ

ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಮದ್ರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಹೊಣೆಯನ್ನೂ ಹೊತ್ತಿದ್ದರು. ಕನ್ನಡ ಲಿಪಿಯ ತಾಳೆಗರಿಗಳೂ ಸೇರಿದಂತೆ ಹಲವು ಹಸ್ತಪ್ರತಿಗಳನ್ನು ಹೋಲಿಸಿ ಅವರು ಈ ಗ್ರಂಥವನ್ನು ಸಂಪಾದಿಸಿದರು. ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದ್ರಾಸಿನ ಸರ್ಕಾರಿ ಮುದ್ರಣಾಲಯ ಅದನ್ನು ಪ್ರಕಟಿಸಿತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಯುಜೀನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದರು.

ಮನೆಯಲ್ಲೇ ಪರೀಕ್ಷಿಸಿ

1 ಎಂಬ ಪೂರ್ಣ ಸಂಖ್ಯೆಯನ್ನು, ಅಂಶ 1 ಇರುವ ಭಿನ್ನರಾಶಿಗಳಾಗಿ ಒಡೆಯುವ ನಿಯಮವೂ ಈ ಗ್ರಂಥದಲ್ಲಿದೆ. ಅದರಂತೆ 1/2 + 1/3 + 1/9 + 1/18 ಕೂಡಿದರೆ ಸರಿಯಾಗಿ 1 ಬರಬೇಕು. ನಿರುದ್ಧ 18. ಮಕ್ಕಳಿಗೆ ಕೊಟ್ಟು ನೋಡಿ: 9 + 6 + 2 + 1 ಎಷ್ಟಾಗುತ್ತದೆ?

ಉತ್ತರ ಬಂದ ಮೇಲೆ ಒಂದು ಪ್ರಶ್ನೆ ಕೇಳುವುದನ್ನು ಮರೆಯಬೇಡಿ. ಕೂಡಿದ್ದು ಮೊದಲಿಗಿಂತ ದೊಡ್ಡದಾಗಿದೆಯೇ, ಕಳೆದದ್ದು ಚಿಕ್ಕದಾಗಿದೆಯೇ? ಈ ಅಭ್ಯಾಸವಿದ್ದರೆ 2/5 ಎಂಬ ಉತ್ತರ ಬರೆದ ಮಗು ತಾನೇ ಅದನ್ನು ಹೊಡೆದುಹಾಕಿ ಮತ್ತೆ ಲೆಕ್ಕ ಮಾಡುತ್ತದೆ.