ಹೆಸರಿಲ್ಲದ ಒಡೆತನ

ಬೆತ್ತ ಹಿಡಿದು ಕುರ್ಚಿಯಲ್ಲಿ ಕುಳಿತ ಮೀಸೆಯ ಮನುಷ್ಯನೊಬ್ಬನ ಚಿತ್ರವಿದೆ. ಇಟಲಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬಾಳಿದ ಅಮೆಡಿಯೊ ಮೊದಿಲ್ಯಾನಿ ಇದನ್ನು ಬರೆದದ್ದು 1918ರಲ್ಲಿ. ಎರಡು ವರ್ಷ ಕಳೆಯುವುದರೊಳಗೆ, 35ರ ಪ್ರಾಯದಲ್ಲಿ, ಬಡತನದಲ್ಲಿಯೇ ಆತ ತೀರಿಕೊಂಡ. ಚಿತ್ರ ಉಳಿಯಿತು. ಇಂದು ನಾನು ಹೇಳಹೊರಟಿರುವುದು ಆ ಚಿತ್ರದ ಚೆಲುವಿನ ಮಾತನ್ನಲ್ಲ. ಅದರ ಒಡೆಯನಾರು ಎಂಬ ಪ್ರಶ್ನೆಯನ್ನು.

ಪ್ಯಾರಿಸ್ಸಿನಲ್ಲಿ ಆಸ್ಕರ್ ಸ್ಟೆಟಿನರ್ ಎಂಬ ಯಹೂದಿ ಕಲಾವ್ಯಾಪಾರಿಯಿದ್ದ. 1939ರಲ್ಲಿ ಆತ ತನ್ನ ಸಂಗ್ರಹವನ್ನು ಹಿಂದೆ ಬಿಟ್ಟು ನಗರವನ್ನು ತೊರೆದ. ನಾತ್ಸಿಗಳ ಹಿಡಿತದಲ್ಲಿದ್ದ ಆ ನಗರದಲ್ಲಿ ನೇಮಕಗೊಂಡ ಅಧಿಕಾರಿಯೊಬ್ಬ ಅವನ ಸೊತ್ತನ್ನು ಹರಾಜಿಗಿಟ್ಟ. 1944ರ ಜುಲೈಯಲ್ಲಿ ಮೊದಿಲ್ಯಾನಿಯ ಚಿತ್ರವೊಂದು ಹಾಗೆ ಬಿಕರಿಯಾಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಸ್ಟೆಟಿನರ್ ಅದನ್ನು ಮರಳಿ ಪಡೆಯಲು ನ್ಯಾಯಾಲಯದ ಮೊರೆಹೊಕ್ಕ. ಚಿತ್ರ ಕೈಸೇರದೆಯೇ 1948ರಲ್ಲಿ ಕಣ್ಣುಮುಚ್ಚಿದ.

ಅರ್ಧ ಶತಮಾನ ಉರುಳಿತು. 1996ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಬೆತ್ತದ ಮನುಷ್ಯ ಮತ್ತೆ ಕಾಣಿಸಿಕೊಂಡ. ಸುಮಾರು 32 ಲಕ್ಷ ಡಾಲರು ತೆತ್ತು ಅವನನ್ನು ಕೊಂಡದ್ದು 'ಇಂಟರ್‌ನ್ಯಾಷನಲ್ ಆರ್ಟ್ ಸೆಂಟರ್' ಎಂಬ ಪನಾಮದ ಕಂಪನಿ. 2011ರಲ್ಲಿ ಸ್ಟೆಟಿನರನ ಮೊಮ್ಮಗ ಅಮೆರಿಕದ ನ್ಯಾಯಾಲಯಕ್ಕೆ ಹೋಗಿ, ಇದು ನನ್ನ ಅಜ್ಜನದು ಎಂದ. ನಹ್ಮದ್ ಎಂಬ ಪ್ರಸಿದ್ಧ ಕಲಾವ್ಯಾಪಾರಿ ಮನೆತನದ ಮೇಲೆ ಅವನ ದಾವೆ. ಬಂದ ಉತ್ತರ: ಚಿತ್ರ ನಮ್ಮದಲ್ಲ, ಕಂಪನಿಯದು. ಸ್ಟೆಟಿನರ್ ಕಳೆದುಕೊಂಡ ಚಿತ್ರ ಇದೇ ಎಂಬುದನ್ನೂ ಅವರು ಒಪ್ಪಲಿಲ್ಲ. ಅದು ಸಾಕ್ಷ್ಯದಿಂದ ತೀರ್ಮಾನವಾಗಬೇಕಾದ ವಿಚಾರ. ಆದರೆ ಆ ವಿಚಾರಣೆಯ ಹೊಸ್ತಿಲಲ್ಲಿಯೇ ಇನ್ನೊಂದು ಬಾಗಿಲು ಅಡ್ಡವಿತ್ತು. ಕಂಪನಿಯೆಂದರೆ ಯಾರು?

ಈ ಬಾಗಿಲನ್ನು ಮಾಡಿದ ಬಡಗಿಗಳು ನಮ್ಮ ಕಾಲದವರಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಮೀನುದಾರನು ತನ್ನ ನೆಲವನ್ನು ನಂಬಿಕೆಯ ಗೆಳೆಯರ ಹೆಸರಿಗೆ ಬರೆದಿಟ್ಟು, ಅದರ ಫಲವನ್ನು ತಾನೂ ತನ್ನ ಮನೆಯವರೂ ಉಣ್ಣುವ ಏರ್ಪಾಟು ಬೆಳೆದುಬಂತು. ಬಡತನದ ವ್ರತ ತೊಟ್ಟ ಫ್ರಾನ್ಸಿಸ್ಕನ್ ಸಂನ್ಯಾಸಿಗಳಿಗೂ ಇದು ಒದಗಿಬಂತು: ಮನೆ ಅನ್ಯರ ಹೆಸರಿನಲ್ಲಿ, ವಾಸ ಮಾತ್ರ ಇವರದು. ಒಡೆಯ ಸತ್ತಾಗ ವಾರಸುದಾರನು ದೊರೆಗೆ ಕಾಣಿಕೆ ತೆರಬೇಕಾಗಿದ್ದ ಕಾಲವದು. ಹಲವರು ಗೆಳೆಯರು ಕೂಡಿ ಒಡೆಯರಾದರೆ, ಒಬ್ಬ ಸತ್ತರೂ ಒಡೆತನ ಸಾಯುವುದಿಲ್ಲ. ದೊರೆಯ ಬೊಕ್ಕಸಕ್ಕೆ ಏನೂ ಬರುವುದಿಲ್ಲ. ಎಂಟನೆಯ ಹೆನ್ರಿ 1536ರಲ್ಲಿ ಕಾನೂನು ತಂದು ಇದನ್ನು ತಡೆಯಲು ಹೊರಟ. ವಕೀಲರು ಆ ಕಾನೂನಿನ ಸಂದಿಯಲ್ಲೇ ದಾರಿ ಕಂಡುಕೊಂಡರು.

ಗೆಳೆಯರಾದರೂ ಮನುಷ್ಯರು, ಮಾತಿಗೆ ತಪ್ಪಬಹುದು. ಮುಂದೆ ಆ ಸ್ಥಾನಕ್ಕೆ ಬಂದದ್ದು ಕಂಪನಿ. 1896ರಲ್ಲಿ, ಸಾಲಮನ್ ಎಂಬ ಬೂಟು ವ್ಯಾಪಾರಿಯ ಮೊಕದ್ದಮೆಯಲ್ಲಿ, ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು: ಕಂಪನಿ ಬೇರೆ, ಅದನ್ನು ಕಟ್ಟಿದವನು ಬೇರೆ. ಉಸಿರಿಲ್ಲದ, ಆದುದರಿಂದ ಸಾವೂ ಇಲ್ಲದ ಒಬ್ಬ 'ವ್ಯಕ್ತಿ' ಹೀಗೆ ಗಟ್ಟಿಯಾಗಿ ನೆಲೆನಿಂತ. 1920ರ ದಶಕದ ಕೊನೆಯಲ್ಲಿ ಅದೇ ಪೀಠ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಲಂಡನ್ನಿನಲ್ಲಿ ನೋಂದಣಿಯಾಗಿ ಕೈರೋದಿಂದ ಆಡಳಿತ ನಡೆಸುತ್ತಿದ್ದ ಈಜಿಪ್ಷಿಯನ್ ಡೆಲ್ಟಾ ಎಂಬ ಭೂಕಂಪನಿಯು ತೆರಿಗೆಯ ಮಟ್ಟಿಗೆ ಬ್ರಿಟನ್ನಿನ ನಿವಾಸಿಯಲ್ಲ ಎಂದಿತು. ಹುಟ್ಟಿದ ಊರು ಒಂದು, ಬಾಳುವ ಊರು ಮತ್ತೊಂದು ಎಂಬ ಸೌಕರ್ಯ ಕಂಪನಿಗಳಿಗೆ ದೊರಕಿತು. ಪನಾಮ 1927ರಲ್ಲೇ ತನ್ನ ಉದಾರವಾದ ಕಂಪನಿ ಕಾಯಿದೆಯನ್ನು ಮಾಡಿತ್ತು. ಕೆರಿಬಿಯನ್ ಕಡಲಿನ ಬ್ರಿಟಿಷ್ ವರ್ಜಿನ್ ದ್ವೀಪಗಳು 1984ರಲ್ಲಿ ಅದೇ ದಾರಿ ಹಿಡಿದವು. ಲಂಡನ್ನಿನ ಬಂಗಲೆ ಇಂಥ ಕಂಪನಿಯ ಹೆಸರಿನಲ್ಲಿದ್ದರೆ, ಮಾರುವಾಗ ಮನೆಯನ್ನಲ್ಲ, ಕಂಪನಿಯ ಷೇರನ್ನು ಕೈಬದಲಾಯಿಸಿದರಾಯಿತು. ನೋಂದಣಿಯ ಪುಸ್ತಕದಲ್ಲಿ ಹೆಸರು ಹಾಗೆಯೇ ಇರುತ್ತದೆ. ಕಲಾಕೃತಿಗಾದರೆ ಆ ಪುಸ್ತಕವೂ ಇಲ್ಲ. ಜಿನೀವಾದಲ್ಲಿ 1888ರಲ್ಲಿ ಆರಂಭವಾದ ಸುಂಕರಹಿತ ಉಗ್ರಾಣಗಳಿವೆ. ಅಲ್ಲಿಟ್ಟ ಚಿತ್ರ ಗೋಡೆಯನ್ನೂ ಕಾಣದೆ, ನೋಡುವ ಕಣ್ಣನ್ನೂ ಕಾಣದೆ, ಕೋಣೆಯಿಂದ ಕದಲದೆಯೇ ಹಲವು ಒಡೆಯರನ್ನು ಕಾಣಬಹುದು.

ನಮಗೆ ಈ ವಿದ್ಯೆ ಹೊಸದೇನಲ್ಲ. ಪಾರಸಿಯಿಂದ ಬಂದ 'ಬೇನಾಮಿ' ಎಂಬ ಮಾತಿನ ಅರ್ಥವೇ ಹೆಸರಿಲ್ಲದ್ದು ಎಂದು. ಇನ್ನೊಬ್ಬರ ಹೆಸರಿನಲ್ಲಿ ಆಸ್ತಿ ಕೊಳ್ಳುವ ಈ ರೂಢಿಯನ್ನು ಪ್ರಿವಿ ಕೌನ್ಸಿಲ್ 1854ರಲ್ಲಿ ಮಾನ್ಯಮಾಡಿತ್ತು. ಭಾರತ ಅದನ್ನು ಕಾಯಿದೆಯಿಂದ ನಿಷೇಧಿಸಿದ್ದು 1988ರಲ್ಲಿ. ಆ ಕಾಯಿದೆಗೆ ಹಲ್ಲು ಮೂಡಿದ್ದು 2016ರ ತಿದ್ದುಪಡಿಯಿಂದ.

ಅದೇ 2016ರ ಏಪ್ರಿಲಿನಲ್ಲಿ ಪನಾಮದ ಮೊಸಾಕ್ ಫೊನ್ಸೆಕ ಎಂಬ ವಕೀಲ ಸಂಸ್ಥೆಯ 1 ಕೋಟಿ 15 ಲಕ್ಷ ದಾಖಲೆಗಳು ಪತ್ರಕರ್ತರ ಮೂಲಕ ಬಯಲಿಗೆ ಬಂದವು. 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಒಳಗುಟ್ಟು ಅವುಗಳಲ್ಲಿತ್ತು. ಇಂಟರ್‌ನ್ಯಾಷನಲ್ ಆರ್ಟ್ ಸೆಂಟರಿನದೂ ಇತ್ತು: 1995ರಲ್ಲಿ ಹುಟ್ಟಿದ ಕಂಪನಿ, ನಹ್ಮದ್ ಮನೆತನದ ಕೈಯಲ್ಲಿದ್ದ ಷೇರುಗಳು, 2014ರಿಂದ ಏಕೈಕ ಷೇರುದಾರ ಡೇವಿಡ್ ನಹ್ಮದ್. ಕೆಲವೇ ದಿನಗಳಲ್ಲಿ ಜಿನೀವಾದ ಅಧಿಕಾರಿಗಳು ಉಗ್ರಾಣದಲ್ಲಿದ್ದ ಚಿತ್ರವನ್ನು ಮುಟ್ಟುಗೋಲು ಹಾಕಿದರು. ಐದು ವರ್ಷಗಳಿಂದ ಮೊಮ್ಮಗ ಕೇಳುತ್ತಿದ್ದ ಪ್ರಶ್ನೆಗೆ ನ್ಯಾಯಾಲಯದಿಂದ ಸಿಗದಿದ್ದ ಉತ್ತರ ಸೋರಿಹೋದ ಕಾಗದಗಳಿಂದ ಸಿಕ್ಕಿತು.

ಗುಟ್ಟಿನ ಪಕ್ಷದಲ್ಲಿ ಒಂದು ಮಾತಿದೆ, ಅದನ್ನು ಮರೆಸಬಾರದು. ಕಡಲಾಚೆಯ ಕಂಪನಿಯನ್ನು ಇಟ್ಟುಕೊಳ್ಳುವುದೇ ಅಪರಾಧವಲ್ಲ. ದುಷ್ಟ ಪ್ರಭುತ್ವದ ಕಣ್ಣಿಗೆ ಬೀಳದಂತೆ ಸೊತ್ತನ್ನು ಕಾಪಾಡಿಕೊಳ್ಳಬೇಕಾದವರೂ ಲೋಕದಲ್ಲಿದ್ದಾರೆ. ಸ್ಟೆಟಿನರನೇ ಅಂಥವನಲ್ಲವೆ? ಅವನ ಹೆಸರೂ ಕುಲವೂ ಎಲ್ಲರಿಗೂ ತಿಳಿದಿದ್ದುವು; ತಿಳಿದಿದ್ದರಿಂದಲೇ ಲೂಟಿಯಾದ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1930ರ ವೆನಿಸ್ ಕಲಾಪ್ರದರ್ಶನಕ್ಕೆ ಚಿತ್ರವನ್ನು ಎರವಲು ಕೊಟ್ಟವನು ಸ್ಟೆಟಿನರ್ ಎಂಬ ದಾಖಲೆಯೇ ವಾರಸುದಾರರ ವಾದಕ್ಕೆ ಆಧಾರವಾಯಿತು. ಅವನನ್ನು ಹಿಡಿದುಕೊಟ್ಟ ಹೆಸರೇ, ಅವನ ಹಕ್ಕನ್ನು ಹೇಳಲು ಮನೆಯವರಿಗೆ ಉಳಿದ ಸಾಧನವೂ ಆಯಿತು.

ಒಡೆತನಕ್ಕೆ ಎರಡು ಮುಖ: ಒಂದು ಭೋಗ, ಮತ್ತೊಂದು ಹೊಣೆ. ಮನೆಯ ಯಜಮಾನನೆಂದರೆ ಉಣ್ಣುವವನು ಮಾತ್ರವಲ್ಲ. ಯಾರಾದರೂ ಬಂದು ಬಾಗಿಲು ತಟ್ಟಿದಾಗ ಎದ್ದುಬಂದು, ಏನು ಎಂದು ಕೇಳುವವನು. ಎಂಟು ಶತಮಾನಗಳ ಜಾಣತನವೆಲ್ಲ ಭೋಗವನ್ನು ಉಳಿಸಿಕೊಂಡು ಹೊಣೆಯನ್ನು ಕಳಚಿಕೊಳ್ಳುವ ಕಡೆಗೇ ಹರಿದಿದೆ. ಅದನ್ನು ಮತ್ತೆ ತೊಡಿಸುವ ಯತ್ನಗಳೂ ನಡೆದಿವೆ. ತನ್ನ ನೆಲದಲ್ಲಿ ಆಸ್ತಿಯುಳ್ಳ ಪರದೇಶದ ಕಂಪನಿಗಳು ಹಿಂದಿರುವ ಒಡೆಯರನ್ನು ತಿಳಿಸಬೇಕೆಂದು ಬ್ರಿಟನ್ 2022ರಲ್ಲಿ ಕಾನೂನು ಮಾಡಿತು. ಹೆನ್ರಿಯ ಕಾಲದ ವಕೀಲರ ಮರಿಮಕ್ಕಳು ಅದರಲ್ಲಿಯೂ ಸಂದಿ ಹುಡುಕದಿರಲಾರರು. ಆದರೂ ಚಿತ್ರ ಯಾರದೇ ಆಗಲಿ, ನಿನ್ನದು ಹೇಗೆ ಎಂದು ಕೇಳಲು ಬಂದವನಿಗೆ ಎದುರು ಒಂದು ಮುಖ ಕಾಣಬೇಕು. ನ್ಯಾಯ ಮೊದಲಾಗುವುದು ಅಲ್ಲಿಂದ.