ಸತ್ತ ಕಾಲಿನೊಳಗಿನ ಬೆಂಕಿ: ಬೆನ್ನುಹುರಿ ಮುರಿದವರ ನೋವಿನ ಚರಿತ್ರೆ

ವಿಡಿಯೋ ನೋಡೋಕೆ ಆಗದವರಿಗಾಗಿ ಎಂದಿನಂತೆ ಮಾತನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ನಾನು ಬೆಳೆದದ್ದು ಖಾಪರಖೇಡಾದಲ್ಲಿ. ನಾಗಪುರದಿಂದ ಉತ್ತರಕ್ಕೆ, ಸಾವನೇರ್ ತಾಲೂಕಿನ ಊರು. ಅಪ್ಪನಿಗೆ ಅಲ್ಲಿನ ಉಷ್ಣ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಈಗ ಅದು 1340 ಮೆಗಾವ್ಯಾಟಿನ ದೊಡ್ಡ ಸ್ಥಾವರ. ನಾನು ಹುಡುಗನಾಗಿದ್ದಾಗ 210 ಮೆಗಾವ್ಯಾಟಿನ ಎರಡೇ ಘಟಕ ಶುರುವಾಗಿದ್ದವು. ಸುತ್ತಮುತ್ತ ಕಲ್ಲಿದ್ದಲು ಗಣಿಗಳು. ಒಣಹಾಕಿದ ಬಟ್ಟೆಯ ಮೇಲೆ ಬೂದಿ, ಕಿಟಕಿ ಸರಳಿನ ಮೇಲೆ ಬೂದಿ. ಬೆರಳೆಣಿಕೆಯ ಕನ್ನಡ ಮನೆಗಳು. ಅದರಲ್ಲಿ ಒಂದು, ವಿಜಾಪುರ ಕಡೆಯಿಂದ ಬಂದು ಗಣಿಯಲ್ಲಿ ದುಡಿಯುತ್ತಿದ್ದ ಒಬ್ಬ ಕಾಕಾನದು. ಹೆಸರು ಬೇಡ.

1991ರ ಮಳೆಗಾಲದಲ್ಲಿ ಗಣಿಯೊಳಗೆ ಮೇಲ್ಛಾವಣಿಯ ಕಲ್ಲು ಕುಸಿದು ಕಾಕಾನ ಬೆನ್ನ ಮೇಲೆ ಬಿತ್ತು. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಅಲ್ಲಿಯವರೆಗಿನದು ನಮಗೆಲ್ಲ ಅರ್ಥವಾಗಿತ್ತು. ಅರ್ಥವಾಗದೇ ಹೋದದ್ದು ಆಮೇಲಿನದು. ಮೂರ್ನಾಲ್ಕು ತಿಂಗಳಿಗೆ ಆತ ರಾತ್ರಿ ಕೂಗಿಕೊಳ್ಳೋಕೆ ಶುರುಮಾಡಿದ. ನಾನು ಪಕ್ಕದಲ್ಲಿ ಕೂತಾಗ ಒಮ್ಮೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ತಮ್ಮಾ, ಸೂಜಿ ಚುಚ್ಚಿದ್ರೂ ಗೊತ್ತಾಗಂಗಿಲ್ಲ. ಆದ್ರ ಒಳಗ ಯಾರೋ ಕೆಂಡ ಸುರುವಿದಂಗ ಆಗ್ತದ. ಇಲ್ಲದ ಕಾಲು ಹ್ಯಾಂಗ ಉರೀತದ, ಹೇಳು?"

ಕಾಕೂ ಒಂದು ಆಸ್ಪತ್ರೆಗೆ ಕರಕೊಂಡು ಹೋದಳು. ಅಲ್ಲಿನ ವೈದ್ಯರು ಕಾಲಿಗೆ ಸೂಜಿ ಚುಚ್ಚಿ ನೋಡಿ, ಸ್ಪರ್ಶವೇ ಇಲ್ಲದ ಕಡೆ ನೋವು ಎಲ್ಲಿಂದ ಬರಬೇಕು, ಮನಸ್ಸಿನ ಭ್ರಮೆ ಅಂದರು. ಪರಿಹಾರದ ಹಣ ಹೆಚ್ಚಿಸಿಕೊಳ್ಳೋಕೆ ನಾಟಕ ಅಂತ ಊರಲ್ಲೂ ಮಾತು ಬಂತು. ನಮ್ಮ ಮನೆಯಲ್ಲೇ ಬಂತು, ಮುಚ್ಚಿಡುವುದೇಕೆ.

ಕಾಕಾ ಕೇಳಿದ ಪ್ರಶ್ನೆಯ ಚರಿತ್ರೆಯೇ ಇವತ್ತಿನ ವಿಷಯ.

ಬೆನ್ನುಹುರಿ ಪೆಟ್ಟಿನ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಈಜಿಪ್ಟಿನದು. ಎಡ್ವಿನ್ ಸ್ಮಿತ್ ಪಪೈರಸ್ ಅಂತ ಕರೀತಾರೆ, ಸುಮಾರು 3600 ವರ್ಷದ ಹಿಂದಿನ ಪ್ರತಿ. ಕುತ್ತಿಗೆ ಮೂಳೆ ಸರಿದು ಕೈಕಾಲು ಹೋದವನ ಲಕ್ಷಣ ಬರೆದು, ಕೊನೆಗೆ ಇದು ಕೈಹಾಕುವ ಕಾಯಿಲೆಯಲ್ಲ ಎಂದು ವೈದ್ಯನಿಗೆ ತಿಳಿಸುತ್ತದೆ. ಆಮೇಲಿನ ಮೂರೂವರೆ ಸಾವಿರ ವರ್ಷ ಈ ಮಾತು ಹೆಚ್ಚೇನೂ ಬದಲಾಗಲಿಲ್ಲ.

ಇಲ್ಲಿ ಮತ್ತೊಬ್ಬ ಗಣಿ ಕಾರ್ಮಿಕ ಬರುತ್ತಾನೆ. 1917, ಆಗಿನ ಜರ್ಮನಿಯ ಕ್ಯೋನಿಗ್ಸ್‌ಹ್ಯೂಟೆ. ಈಗ ಅದು ಪೋಲೆಂಡಿನಲ್ಲಿದೆ. ಖಾಪರಖೇಡಾದ ಹಾಗೇ ಕಲ್ಲಿದ್ದಲಿನ ಸೀಮೆ. ಗಣಿ ಕಾರ್ಮಿಕರ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ಹುಡುಗ ಸಹಾಯಕನಾಗಿ ಕೆಲಸಕ್ಕೆ ಸೇರಿದ್ದ. ಬೆನ್ನು ಮುರಿದ ಗಟ್ಟಿಮುಟ್ಟಾದ ಯುವಕನೊಬ್ಬನನ್ನು ತಂದು, ಪರದೆ ಎಳೆದು, ಮೂಲೆಯಲ್ಲಿ ಮಲಗಿಸಿದರು. ಗುಟ್‌ಮನ್ ಆತನ ವಿವರ ಬರೆದುಕೊಳ್ಳೋಕೆ ಹೋದರೆ, ಅದರ ಗೋಜಿಗೇ ಹೋಗಬೇಡ, ಕೆಲವು ವಾರದಲ್ಲಿ ಸಾಯ್ತಾನೆ ಅಂದರು. ಹಾಗೇ ಆಯ್ತು. ಐದು ವಾರಕ್ಕೆ ನಂಜೇರಿ ಸತ್ತ.

ಆ ಹುಡುಗ ಮುಂದೆ ನರಶಸ್ತ್ರಚಿಕಿತ್ಸಕನಾದ, ಯಹೂದಿಯಾದ್ದರಿಂದ ನಾಜಿಗಳ ಕಾಲದಲ್ಲಿ ಇಂಗ್ಲೆಂಡಿಗೆ ಓಡಿಹೋದ. 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಾಳುಗಳ ಘಟಕ ತೆರೆದ. ಎರಡು ಗಂಟೆಗೊಮ್ಮೆ ಹೊರಳಿಸಿ ಮಲಗಿಸು, ಹಾಸಿಗೆ ಹುಣ್ಣು ಆಗದ ಹಾಗೆ ನೋಡಿಕೋ, ಮೂತ್ರಕೋಶದ ಸೋಂಕು ತಡೆ. ಇಷ್ಟೇ. ಚಮತ್ಕಾರದ ಶಸ್ತ್ರಚಿಕಿತ್ಸೆ ಏನಿಲ್ಲ. ಜನ ಬದುಕತೊಡಗಿದರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದೂ ಅಲ್ಲೇ, ಅದರ ಬಗ್ಗೆ ಹಿಂದೊಮ್ಮೆ ಮಾತಾಡಿದ್ದೇನೆ.

ಗಮನಿಸಿ, ಐದು ವಾರದಲ್ಲಿ ಸಾಯುವವನಿಗೆ ಐದು ತಿಂಗಳ ಮೇಲೆ ಬರುವ ನೋವು ಯಾರ ಕಣ್ಣಿಗೂ ಬೀಳೋದಿಲ್ಲ. ಬದುಕಿದ ಮೇಲೇ ನೋವಿಗೆ ದೊಡ್ಡ ಸಂಖ್ಯೆಯಲ್ಲಿ ಸಾಕ್ಷಿಗಳು ಸಿಕ್ಕರು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ನರನೋವು ಇರುತ್ತದೆ ಎಂಬುದು ಈಗ ಗೊತ್ತು. ಅರ್ಧದಷ್ಟು ಜನ ಸೇರಿ ಒಂದೇ ನಾಟಕ ಆಡೋದಿಲ್ಲ ಅಲ್ವಾ?

ಆದರೆ ಚಿಕಿತ್ಸೆ? ಮೊದಲು ಹೊಳೆದದ್ದು ಕತ್ತರಿಸುವುದು. 1912ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಸ್ಪಿಲ್ಲರ್ ಸಲಹೆಯಂತೆ ಎಡ್ವರ್ಡ್ ಮಾರ್ಟಿನ್, ಬೆನ್ನುಹುರಿಯಲ್ಲಿ ನೋವು ಸಾಗುವ ಎಳೆಗಳನ್ನು ಕತ್ತರಿಸಿ ತೋರಿಸಿದ್ದರು. ನೋವು ಅಂದ್ರೆ ಟೆಲಿಫೋನ್ ತಂತಿ, ತಂತಿ ಕಡಿದರೆ ಗಂಟೆ ಬಾರಿಸೋದಿಲ್ಲ ಎಂಬ ಲೆಕ್ಕ. ಕ್ಯಾನ್ಸರ್ ರೋಗಿಗಳಿಗೆ ಅದು ಉಪಯೋಗಕ್ಕೂ ಬಂತು. ಬೆನ್ನುಹುರಿ ಮುರಿದವರ ಉರಿಗೆ ಲೆಕ್ಕ ಹೊಂದಲಿಲ್ಲ. ತಂತಿ ಮೊದಲೇ ಕಡಿದಿದೆ, ಆದರೂ ಗಂಟೆ ಬಾರಿಸ್ತಾ ಇದೆ! 1978ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಜಾನ್ ಲೋಸರ್ ಪ್ರಕಟಿಸಿದ ಲೇಖನ ಓದಿದರೆ ಮೈ ಜುಮ್ಮೆನ್ನುತ್ತದೆ. ಬೆನ್ನುಹುರಿಯ ಒಂದು ತುಂಡನ್ನೇ ಕತ್ತರಿಸಿ ತೆಗೆದ ಮೇಲೂ ಕೆಲವರಿಗೆ ಕಾಲಿನ ನೋವು ಹೋಗಿರಲಿಲ್ಲ. ಅಂದರೆ ಕಾಲು ಏನನ್ನೂ ಕಳಿಸುತ್ತಿಲ್ಲ. ಗಾಯದ ಮೇಲಿನ ಬೆನ್ನುಹುರಿಯಲ್ಲೂ ಮಿದುಳಿನಲ್ಲೂ ಇರುವ ನರಕೋಶಗಳೇ, ಕೆಳಗಿನ ಸುದ್ದಿ ನಿಂತುಹೋದ ಮೇಲೆ, ತಮ್ಮಷ್ಟಕ್ಕೆ ಸಿಡಿಯತೊಡಗುತ್ತವೆ.

ಕಾಕಾನ ಪ್ರಶ್ನೆಗೆ ಉತ್ತರ ಇದು. ಆತ ಕೇಳುವ 13 ವರ್ಷ ಮೊದಲೇ ಅಚ್ಚಾಗಿತ್ತು. ನಮ್ಮ ಊರಿಗೆ ತಲುಪಿರಲಿಲ್ಲ, ಅಷ್ಟೇ.

ಇದೇ ಮೆಲ್ಜಾಕ್ 1965ರಲ್ಲಿ ಪ್ಯಾಟ್ರಿಕ್ ವಾಲ್ ಜೊತೆ ಸೇರಿ 'ಬಾಗಿಲು' ಸಿದ್ಧಾಂತ ಮಂಡಿಸಿದ್ದರು. ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ, ಅದನ್ನು ಮೇಲಿನಿಂದ ಮಿದುಳೂ ಮುಚ್ಚಬಲ್ಲದು ಅಂತ. ವಿವರಗಳಲ್ಲಿ ತಪ್ಪುಗಳಿದ್ದವು. ಆದರೂ ಈ ಕಾರಣಕ್ಕೇ ಖಿನ್ನತೆಯ ಮಾತ್ರೆಯೊಂದು ನೋವಿಗೆ ಏಕೆ ನಾಟುತ್ತದೆ ಅನ್ನೋದು ಅರ್ಥವಾಗುತ್ತದೆ. ಅಮಿಟ್ರಿಪ್ಟಿಲಿನ್, 1961ರಲ್ಲಿ ಅಮೆರಿಕದಲ್ಲಿ ಖಿನ್ನತೆಗೆಂದು ಬಂದದ್ದು. ಮಿದುಳಿನಿಂದ ಕೆಳಗಿಳಿಯುವ, ನೋವನ್ನು ಅದುಮುವ ದಾರಿಗಳಿಗೆ ಅದು ಬಲ ಕೊಡುತ್ತದೆ. ಖಿನ್ನತೆಗೆ ಬೇಕಾದ್ದಕ್ಕಿಂತ ಕಡಿಮೆ ಪ್ರಮಾಣ ಸಾಕು.

ನಮ್ಮ ಕಾಕಾನಿಗೆ ಕೊನೆಗೊಬ್ಬ ತರುಣ ವೈದ್ಯರು ಬರೆದುಕೊಟ್ಟದ್ದು ಇದನ್ನೇ. ಔಷಧಿ ಅಂಗಡಿಯವನು ಇದು ಮನೋರೋಗದ್ದು ಅಂದ. ಕಾಕಾ ಚೀಟಿ ಹರಿದು ಹಾಕಿದ. "ನನಗೇನ ಹುಚ್ಚ ಹಿಡದದೇನು?" ಒಂದು ವರ್ಷ ಹಾಗೇ ಹೋಯಿತು. ಮಾತ್ರೆ ಯಾಕೆ ಅಂತ ಎರಡು ಮಾತು ಬಿಡಿಸಿ ಹೇಳಿದ್ದರೆ ಆ ವರ್ಷ ಉಳಿಯುತ್ತಿತ್ತು ಎಂಬ ಸಿಟ್ಟು ನನಗೆ ಈಗಲೂ ಇದೆ.

ಆಮೇಲೆ ಬಂದವು ಅಪಸ್ಮಾರದ ಮಾತ್ರೆಗಳು. ಮೂರ್ಛೆರೋಗದಲ್ಲಿ ಮಿದುಳಿನ ಕೋಶ ಅತಿಯಾಗಿ ಸಿಡಿಯುತ್ತದೆ, ಈ ನೋವಿನಲ್ಲೂ ಹಾಗೇ; ನಂಟು ಸಹಜ. ಗಬಾಪೆಂಟಿನ್ ಕಥೆ ತಮಾಷೆಯದು. ಗಾಬಾ ಎಂಬ ಮಿದುಳಿನ ರಾಸಾಯನಿಕದ ಹಾಗೆ ಕೆಲಸ ಮಾಡಲಿ ಅಂತ ಅದನ್ನು ತಯಾರಿಸಿದರು. ಅದು ಆ ಕೆಲಸ ಮಾಡಲೇ ಇಲ್ಲ, ನರಕೋಶದ ಕ್ಯಾಲ್ಸಿಯಂ ದ್ವಾರದ ಒಂದು ಭಾಗಕ್ಕೆ ಹೋಗಿ ಅಂಟಿಕೊಂಡಿತು! ಅದರ ತಮ್ಮನಂಥ ಪ್ರಿಗಬಾಲಿನ್ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು; ಬೆನ್ನುಹುರಿ ಪೆಟ್ಟಿನ ನೋವಿಗೇ ಎಂದು ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ. ಆಸ್ಟ್ರೇಲಿಯಾದಲ್ಲಿ ಫಿಲಿಪ್ ಸಿಡಾಲ್ ತಂಡ 137 ಜನರ ಮೇಲೆ 12 ವಾರ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಹತ್ತಕ್ಕೆ ಆರೂವರೆಯಷ್ಟಿದ್ದ ನೋವಿನ ಸರಾಸರಿ ಅಂಕ ನಾಲ್ಕೂವರೆಯ ಆಸುಪಾಸಿಗೆ ಇಳಿಯಿತು. ಸೊನ್ನೆಗಲ್ಲ. ಜೊತೆಗೆ ತೂಕಡಿಕೆ, ತಲೆಸುತ್ತು. (ಇವನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ, ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂ ಬೇಡಿ.)

ಭಾರತದಲ್ಲಿ ಈ ಚರಿತ್ರೆಗೆ ಒಂದು ಹೆಸರು ಸೇರಲೇಬೇಕು. ಮೇರಿ ವರ್ಗೀಸ್, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಎಳೆಯ ವೈದ್ಯೆ. 1954ರಲ್ಲಿ ವಾಹನ ಅಪಘಾತದಲ್ಲಿ ಅವರ ಬೆನ್ನುಹುರಿಯೇ ಹೋಯಿತು. ಪಾಲ್ ಬ್ರ್ಯಾಂಡ್ ಹುರಿದುಂಬಿಸಿದ ಮೇಲೆ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು, ಹೊರದೇಶದಲ್ಲಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ತೆರೆದ ಪುನರ್ವಸತಿ ಸಂಸ್ಥೆ ಅವರ ಶ್ರಮದ ಫಲ. ನಮ್ಮ ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ನರಪುನರ್ವಸತಿ ವಿಭಾಗ ಇದೆ, 1959ರಲ್ಲಿ ಎನ್. ಎಸ್. ಹೇಮಾ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ ಇದೆ. ಅವುಗಳ ಬಗ್ಗೆ ಬೇರೆ ಸಂಚಿಕೆ ಮಾಡ್ತೇನೆ.

ಕಾಕೂ ಯಾರೋ ಹೇಳಿದ್ದು ಕೇಳಿ, ನಾಗಪುರದಲ್ಲಿ ರೈಲು ಹತ್ತಿಸಿ, ಕಾಟ್ಪಾಡಿಯಲ್ಲಿ ಇಳಿಸಿ, ಕಾಕಾನನ್ನು ವೆಲ್ಲೂರಿಗೆ ಕರೆದೊಯ್ದಳು. ಬಂದ ಮೇಲೆ ಆತ ಹರಿದು ಹಾಕಿದ್ದ ಅದೇ ಮಾತ್ರೆಯನ್ನು ರಾತ್ರಿ ಊಟದ ನಂತರ ತಪ್ಪದೆ ತಗೊಳ್ಳತೊಡಗಿದ. ಎಷ್ಟೋ ವರ್ಷದ ನಂತರ ಅದರ ಜಾಗಕ್ಕೆ ಪ್ರಿಗಬಾಲಿನ್ ಬಂತು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಒಂದು ಅಂಕಿ ಬರೆಯುತ್ತಿದ್ದ, ಹತ್ತಕ್ಕೆ ಎಷ್ಟು ನೋವು ಅಂತ. ನಾನು ನಾಗಪುರ ಬಿಡುವ ಮೊದಲು ಹೋಗಿ ನೋಡಿದಾಗ ಆ ತಿಂಗಳು ಬಹುತೇಕ ನಾಲ್ಕು, ಐದು. ಒಂದು ದಿನ ಮಾತ್ರ ಒಂಬತ್ತು. ಏನಾಯ್ತು ಕಾಕಾ ಅಂದೆ.

"ಆ ದಿನ ಗುಳಿಗಿ ಮುಗದಿದ್ದು, ತಮ್ಮಾ. ನಿಮ್ಮ ಕಾಕೂ ತರಾಕ ಪ್ಯಾಟಿಗೆ ಹೋಗಿದ್ಲು."