ಹ್ಯಾಲೋವೀನ್ ಚಿತ್ರ ಸರಣಿ: ನೋಡುವ ಕ್ರಮ ಬೆಳೆದುಬಂದ ಬಗೆ

ಹ್ಯಾಲೋವೀನ್ ಚಿತ್ರ ಸರಣಿ: ಅಮೆರಿಕದ ಸ್ಲ್ಯಾಶರ್ ಮಾದರಿಯ ಭಯಾನಕ ಚಿತ್ರಗಳ ಮಾಲೆ. 1978ರಿಂದ 2022ರವರೆಗೆ 13 ಚಿತ್ರಗಳು ತೆರೆಕಂಡಿವೆ. ಬಿಳಿ ಮುಖವಾಡ ತೊಟ್ಟ, ಬಾಯಿಬಿಡದ ಕೊಲೆಗಾರ ಮೈಕೆಲ್ ಮೈಯರ್ಸ್ ಇವುಗಳಲ್ಲಿ 12 ಚಿತ್ರಗಳ ಪಾತ್ರ. ಇಲಿನಾಯ್ ರಾಜ್ಯದ ಹ್ಯಾಡನ್‌ಫೀಲ್ಡ್ ಎಂಬ ಕಾಲ್ಪನಿಕ ಊರು ಕಥೆಯ ಮೂಲ ನೆಲೆ. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಅಕ್ಟೋಬರ್ 31ರ ಹಬ್ಬದ ರಾತ್ರಿಯೇ ಕೊಲೆಗಳ ಹೊತ್ತು.

ಈ ಸರಣಿಯನ್ನು ಸಾಲಾಗಿ ನೋಡಲು ಕೂತವರಿಗೆ ಬೇಗನೆ ತಲೆ ಕೆಡುತ್ತದೆ. ನಾಯಕಿ ಲಾರಿ ಸ್ಟ್ರೋಡ್ ಒಂದು ಚಿತ್ರದಲ್ಲಿ ಕಾರು ಅಪಘಾತದಲ್ಲಿ ಸತ್ತಿದ್ದಾಳೆ. ಇನ್ನೊಂದರಲ್ಲಿ ಹೆಸರು ಬದಲಿಸಿಕೊಂಡು ಶಾಲೆ ನಡೆಸುತ್ತಿದ್ದಾಳೆ. ಮತ್ತೊಂದರಲ್ಲಿ ಕಾಡಿನ ನಡುವೆ ಮನೆ ಕಟ್ಟಿಕೊಂಡು, ಬಂದೂಕು ಹಿಡಿದು ಕೊಲೆಗಾರನ ದಾರಿ ಕಾಯುತ್ತಿದ್ದಾಳೆ. ಮೂರೂ ನಿಜ, ಏಕೆಂದರೆ ಹಿಂದಿನವರು ಬರೆದದ್ದನ್ನು ಮುಂದಿನವರು ಮತ್ತೆ ಮತ್ತೆ ಒರೆಸಿಹಾಕಿದ್ದಾರೆ. ಹಾಗಾಗಿ ಈ ಸರಣಿಯನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬ ಪ್ರಶ್ನೆಯ ಉತ್ತರ, ಅದು ತಯಾರಾದ ಇತಿಹಾಸದಲ್ಲೇ ಇದೆ.

ಮೊದಲ ಚಿತ್ರದ ಎಳೆ ನಿರ್ಮಾಪಕ ಅರ್ವಿನ್ ಯಾಬ್ಲಾನ್ಸ್‌ರದು: ಪಕ್ಕದ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿಯರ ಬೆನ್ನು ಹತ್ತುವ ಕೊಲೆಗಾರ. ಸಿರಿಯಾದಲ್ಲಿ ಹುಟ್ಟಿದ ಮುಸ್ತಫಾ ಅಕ್ಕಾದ್ ಸುಮಾರು 3 ಲಕ್ಷ ಡಾಲರ್ ಹಣ ಹೂಡಿದರು. ಇಸ್ಲಾಮಿನ ಆರಂಭಕಾಲದ ಕಥೆಯುಳ್ಳ ‘ದ ಮೆಸೇಜ್’ ನಿರ್ದೇಶಿಸಿದ್ದವರು ಇವರೇ. ಜಾನ್ ಕಾರ್ಪೆಂಟರ್ ನಿರ್ದೇಶಿಸಿ, ಡೆಬ್ರಾ ಹಿಲ್ ಜೊತೆ ಸೇರಿ ಚಿತ್ರಕಥೆ ಬರೆದರು. ಸಂಗೀತವೂ ಕಾರ್ಪೆಂಟರ್‌ರದೇ, ಐದು ಪೆಟ್ಟಿನ ಲಯದಲ್ಲಿ ಬಿಡದೆ ಕುಟ್ಟುವ ಆ ಪಿಯಾನೊ ಧಾಟಿ ಇಂದಿಗೂ ಸರಣಿಯ ಗುರುತು.

ಹಣ ಕಡಿಮೆ ಇದ್ದದ್ದು ಚಿತ್ರಕ್ಕೆ ಒಳಿತನ್ನೇ ಮಾಡಿತು. ವೇಷದ ಅಂಗಡಿಯೊಂದರಲ್ಲಿ ಎರಡು ಡಾಲರಿಗೂ ಕಡಿಮೆ ಬೆಲೆಗೆ ಒಂದು ಮುಖವಾಡ ಸಿಕ್ಕಿತು. ಅದು ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಪಾತ್ರದ, ಅಂದರೆ ನಟ ವಿಲಿಯಂ ಶಾಟ್ನರ್‌ರ ಮುಖ. ಕಲಾ ನಿರ್ದೇಶನ ನೋಡಿಕೊಳ್ಳುತ್ತಿದ್ದ ಟಾಮಿ ಲೀ ವ್ಯಾಲೆಸ್ ಅದರ ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಬಳಿದರು. ಯಾವ ಭಾವವೂ ಇಲ್ಲದ ಮುಖ ತಯಾರಾಯಿತು. ಕಥೆ ನಡೆಯುವುದು ಶರತ್ಕಾಲದಲ್ಲಿ, ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯದ ವಸಂತದಲ್ಲಿ. ಉದುರಿದ ಎಲೆ ಬೇಕೆಂದು ಬಣ್ಣ ಬಳಿದ ಎಲೆಗಳನ್ನು ರಸ್ತೆಗೆ ಚೆಲ್ಲಿ, ಶಾಟ್ ಮುಗಿದ ಮೇಲೆ ಚೀಲಕ್ಕೆ ತುಂಬಿಕೊಂಡು ಮುಂದಿನ ಜಾಗಕ್ಕೆ ಒಯ್ಯುತ್ತಿದ್ದರು. ಮೇಲಿನ ಮರಗಳು ಮಾತ್ರ ಹಚ್ಚಹಸಿರಾಗಿಯೇ ಇವೆ. ಎರಡನೇ ಸಲ ನೋಡುವವರಿಗೆ ಅದು ಕಾಣದೆ ಹೋಗದು. ಹಿಚ್ಕಾಕ್‌ರ ‘ಸೈಕೊ’ ಚಿತ್ರದಲ್ಲಿ ನಟಿಸಿದ್ದ ಜಾನೆಟ್ ಲೀ ಅವರ ಮಗಳು ಜೇಮಿ ಲೀ ಕರ್ಟಿಸ್ ಲಾರಿಯಾದರು. ಕೊಲೆಗಾರನ ಬೆನ್ನು ಹತ್ತುವ ಮನೋವೈದ್ಯ ಲೂಮಿಸ್ ಪಾತ್ರ ಬ್ರಿಟಿಷ್ ನಟ ಡೊನಾಲ್ಡ್ ಪ್ಲೆಸೆನ್ಸ್‌ರದು. ಚಿತ್ರ ಅಮೆರಿಕದಲ್ಲೇ ಸುಮಾರು 4.7 ಕೋಟಿ ಡಾಲರ್ ಗಳಿಸಿತು. 2006ರಲ್ಲಿ ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಸೇರಿತು.

ತೊಡಕು ಶುರುವಾದದ್ದು ಎರಡನೇ ಭಾಗದಲ್ಲಿ. ಮೊದಲ ಚಿತ್ರದ ಮೈಕೆಲ್‌ಗೆ ಲಾರಿಯನ್ನೇ ಹುಡುಕಿಕೊಂಡು ಬರಲು ಕಾರಣವಿರಲಿಲ್ಲ, ಭಯವಿದ್ದದ್ದೂ ಅಲ್ಲೇ. 1981ರ ‘ಹ್ಯಾಲೋವೀನ್ 2’ ಅದೇ ರಾತ್ರಿಯ ಮುಂದುವರಿಕೆ. ಚಿತ್ರಕಥೆಗೆ ದಾರಿ ತೋಚದೆ, ಬಿಯರ್ ಕುಡಿಯುತ್ತ ಬರೆಯುತ್ತಿದ್ದ ಕಾರ್ಪೆಂಟರ್, ಲಾರಿ ಮೈಕೆಲ್‌ನ ತಂಗಿ ಎಂದು ಬರೆದುಬಿಟ್ಟರು. ಮುಂದೆ ಅದಕ್ಕಾಗಿ ಅವರೇ ಪರಿತಪಿಸಿದ್ದುಂಟು. ಮೊದಲ ಚಿತ್ರದ ಟಿವಿ ಪ್ರಸಾರಕ್ಕೆಂದು ಅದೇ ಸಮಯದಲ್ಲಿ ಹೆಚ್ಚುವರಿ ದೃಶ್ಯಗಳನ್ನೂ ತೆಗೆದು, ಈ ನಂಟನ್ನು ಹಿಂದಕ್ಕೆ ಹೊಲಿದರು. ಮುಂದಿನ 37 ವರ್ಷ ಸರಣಿ ಈ ಒಂದು ಸಾಲಿನ ಹಂಗಿನಲ್ಲೇ ನಡೆಯಿತು.

ಕಾರ್ಪೆಂಟರ್ ಮತ್ತು ಹಿಲ್‌ರಿಗೆ ಮೈಕೆಲ್ ಕಥೆ ಅಲ್ಲಿಗೆ ಸಾಕಾಗಿತ್ತು. ಹಬ್ಬದ ಸುತ್ತ ಬಿಡಿಬಿಡಿ ಕಥೆಗಳನ್ನು ಹೇಳುತ್ತ ಹೋಗಬೇಕೆಂಬ ಯೋಚನೆಯಿಂದ, ವ್ಯಾಲೆಸ್ ನಿರ್ದೇಶನದ ‘ಹ್ಯಾಲೋವೀನ್ 3: ಸೀಸನ್ ಆಫ್ ದ ವಿಚ್’ 1982ರಲ್ಲಿ ಬಂತು. ಇದರಲ್ಲಿ ಮೈಕೆಲ್ ಇಲ್ಲ. ಮುಖವಾಡ ತಯಾರಿಸುವ ಕಂಪನಿಯೊಂದರ ಒಡೆಯ, ಟಿವಿ ಜಾಹೀರಾತಿನ ಮೂಲಕ ದೇಶದ ಮಕ್ಕಳನ್ನೆಲ್ಲ ಕೊಲ್ಲಲು ಹೊರಟ ಕಥೆ. ಮೊದಲ ‘ಹ್ಯಾಲೋವೀನ್’ ಇಲ್ಲಿ ಟಿವಿಯಲ್ಲಿ ಬರುವ ಒಂದು ಸಿನಿಮಾ ಅಷ್ಟೇ. ಮೈಕೆಲ್‌ನನ್ನು ನೋಡಲು ಬಂದಿದ್ದ ಪ್ರೇಕ್ಷಕರು ಮುನಿಸಿಕೊಂಡರು, ಪ್ರಯೋಗ ನಿಂತಿತು. ಅನೇಕರು ಈಗಲೂ ಮೂರನೆಯದನ್ನು ಬಿಟ್ಟು ನೋಡಿ ಎನ್ನುತ್ತಾರೆ. ಅದು ಒಳ್ಳೆಯ ಸಲಹೆಯಲ್ಲ. ಸರಣಿಯಲ್ಲಿ ನಿಜಕ್ಕೂ ಹೊಸದೊಂದನ್ನು ಯೋಚಿಸಿದ ಚಿತ್ರ ಅದೊಂದೇ.

ಕಾರ್ಪೆಂಟರ್ ಹೊರನಡೆದ ಮೇಲೆ ಅಕ್ಕಾದ್ ಕೊಲೆಗಾರನನ್ನು ವಾಪಸು ಕರೆತಂದರು. 1988ರ ನಾಲ್ಕನೇ ಭಾಗದಲ್ಲಿ ಲಾರಿ ಸತ್ತಿದ್ದಾಳೆ. ಅವಳ ಪುಟ್ಟ ಮಗಳು ಜೇಮಿಯ ಪಾತ್ರದಲ್ಲಿ ಡ್ಯಾನಿಯೆಲ್ ಹ್ಯಾರಿಸ್ ನಟಿಸಿದರು. ಹಣ ಬಂದದ್ದೇ ತಡ, ಮರುವರ್ಷವೇ ಐದನೆಯದನ್ನು ಅವಸರದಲ್ಲಿ ಮುಗಿಸಿದರು. ಅದರಲ್ಲಿ ಕಪ್ಪು ಬಟ್ಟೆಯ ಅಪರಿಚಿತನೊಬ್ಬ ಬಂದುಹೋಗುತ್ತಾನೆ; ಅವನು ಯಾರೆಂಬುದು ಆಗ ಚಿತ್ರ ಮಾಡಿದವರಿಗೂ ತೀರ್ಮಾನವಾಗಿರಲಿಲ್ಲ. ಉತ್ತರ ಕೊಡುವ ಹೊಣೆ 1995ರ ಆರನೇ ಭಾಗದ ತಲೆಗೆ ಬಂದು, ಅದು ಮೈಕೆಲ್‌ನ ಹಿಂದೆ ಒಂದು ಗುಪ್ತ ಪಂಥವನ್ನೂ ಶಾಪವನ್ನೂ ತಂದಿಟ್ಟಿತು. ಅದೇ ವರ್ಷ ಫೆಬ್ರವರಿಯಲ್ಲಿ ಪ್ಲೆಸೆನ್ಸ್ ತೀರಿಕೊಂಡರು. ಬಳಿಕ ಕೆಲವು ದೃಶ್ಯಗಳನ್ನು ಹೊಸದಾಗಿ ಚಿತ್ರಿಸಿ, ಕೊನೆಯನ್ನೇ ಬದಲಿಸಿ ಬಿಡುಗಡೆ ಮಾಡಿದರು. ಮೂಲ ಆವೃತ್ತಿ ಕಳ್ಳ ವಿಡಿಯೊ ಕ್ಯಾಸೆಟ್‌ಗಳಲ್ಲಿ ಅಭಿಮಾನಿಗಳ ನಡುವೆ ಕೈಯಿಂದ ಕೈಗೆ ಓಡಾಡಿತು. ಅಧಿಕೃತವಾಗಿ ಹೊರಬಂದದ್ದು 2014ರಲ್ಲಿ. ಆರನೆಯದನ್ನು ನೋಡುವುದಿದ್ದರೆ ಈ ಆವೃತ್ತಿಯೇ ವಾಸಿ, ಲೂಮಿಸ್‌ಗಾಗಿಯಾದರೂ.

‘ಸ್ಕ್ರೀಮ್’ ಚಿತ್ರದ ಗೆಲುವಿನಿಂದ ಸ್ಲ್ಯಾಶರ್‌ಗೆ ಮತ್ತೆ ಬೇಡಿಕೆ ಬಂದಾಗ, 20ನೇ ವರ್ಷದ ನೆಪದಲ್ಲಿ ಕರ್ಟಿಸ್ ಮರಳಿದರು. ಸ್ಟೀವ್ ಮೈನರ್ ನಿರ್ದೇಶನದ ‘ಹ್ಯಾಲೋವೀನ್ ಎಚ್20’ (1998) ನಾಲ್ಕು, ಐದು, ಆರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎರಡನೆಯದರಿಂದ ಮುಂದುವರಿಯಿತು. ಲಾರಿಯ ಸಾವು ಬರೀ ನಾಟಕವಾಗಿತ್ತಂತೆ. ಮಗಳು ಜೇಮಿಯ ಸುದ್ದಿಯೇ ಇಲ್ಲ, ಬದಲಿಗೆ ಒಬ್ಬ ಮಗನಿದ್ದಾನೆ. ಕೊನೆಯಲ್ಲಿ ಲಾರಿ ಕೊಡಲಿಯಿಂದ ಮೈಕೆಲ್‌ನ ತಲೆ ಹಾರಿಸುತ್ತಾಳೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. 2002ರ ‘ರೆಸರೆಕ್ಷನ್’ನಲ್ಲಿ, ತಲೆ ಕಳೆದುಕೊಂಡವನು ಮೈಕೆಲ್ ಅಲ್ಲ, ಮುಖವಾಡ ತೊಡಿಸಿದ್ದ ಆಂಬುಲೆನ್ಸ್ ಸಿಬ್ಬಂದಿ ಎಂದು ಹೇಳಿ, ಲಾರಿಯನ್ನು ಮೊದಲ ಕೆಲವೇ ನಿಮಿಷಗಳಲ್ಲಿ ಕೊಲ್ಲಿಸಿದರು. ಸರಣಿಯ ಅತಿ ಕಳಪೆ ಚಿತ್ರ ಇದು.

2005ರ ನವೆಂಬರಿನಲ್ಲಿ ಜೋರ್ಡಾನ್ ರಾಜಧಾನಿ ಅಮ್ಮಾನ್‌ನ ಹೋಟೆಲುಗಳ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಅಕ್ಕಾದ್ ಮತ್ತು ಅವರ ಮಗಳು ರಿಮಾ ಪ್ರಾಣ ಕಳೆದುಕೊಂಡರು. ಅಲ್ಲಿಯವರೆಗಿನ ಎಂಟೂ ಚಿತ್ರಗಳ ಹಿಂದಿದ್ದ ಒಬ್ಬನೇ ವ್ಯಕ್ತಿ ಅವರು. ಆಮೇಲೆ ನಿರ್ದೇಶಕ ರಾಬ್ ಜಾಂಬಿ 2007 ಮತ್ತು 2009ರ ಎರಡು ಚಿತ್ರಗಳಲ್ಲಿ ಕಥೆಯನ್ನು ಮೊದಲಿನಿಂದ ಹೇಳಿ, ಮೈಕೆಲ್‌ನ ಬಾಲ್ಯದ ಹಿಂಸೆಯನ್ನು ಬಿಡಿಸಿಟ್ಟರು. ವಿವರಿಸಿದಷ್ಟೂ ಅವನ ಭಯ ಇಳಿಯಿತು.

ಡೇವಿಡ್ ಗಾರ್ಡನ್ ಗ್ರೀನ್ ನಿರ್ದೇಶನದ 2018ರ ಚಿತ್ರ ಎಲ್ಲಕ್ಕಿಂತ ಕಟುವಾಗಿ ನಡೆದುಕೊಂಡಿತು: 1978ರದೊಂದನ್ನು ಉಳಿಸಿಕೊಂಡು ಮಿಕ್ಕೆಲ್ಲವನ್ನೂ ಕೈಬಿಟ್ಟಿತು. ಅಣ್ಣ–ತಂಗಿ ಎಂಬುದು ಜನ ಕಟ್ಟಿದ ಕಥೆ ಎಂದು ಲಾರಿಯ ಮೊಮ್ಮಗಳ ಬಾಯಲ್ಲೇ ಹೇಳಿಸಿತು. ಕಾರ್ಪೆಂಟರ್ ಸಂಗೀತಕ್ಕೆ ಮರಳಿದರು. ಗಳಿಕೆ 25 ಕೋಟಿ ಡಾಲರ್ ದಾಟಿತು. ‘ಹ್ಯಾಲೋವೀನ್ ಕಿಲ್ಸ್’ ಕೋವಿಡ್‌ನಿಂದ ಒಂದು ವರ್ಷ ತಡವಾಗಿ 2021ರಲ್ಲಿ, ‘ಹ್ಯಾಲೋವೀನ್ ಎಂಡ್ಸ್’ 2022ರಲ್ಲಿ ಬಂದವು.

ಹೀಗೆ ಇಂದು ಸರಣಿಗೆ ಐದು ಕವಲುಗಳಿವೆ. 1, 2, 4, 5, 6 ಒಂದು, 1, 2, ಎಚ್20, ರೆಸರೆಕ್ಷನ್ ಇನ್ನೊಂದು, ಮೂರನೆಯದು ಒಂಟಿ, ಜಾಂಬಿಯ ಎರಡು ಬೇರೆ, 1978ರ ಚಿತ್ರದ ಬೆನ್ನಿಗೆ ಗ್ರೀನ್‌ರ ಮೂರು ಕೊನೆಯದು. ಕಥೆಯಷ್ಟೇ ಬೇಕೆನ್ನುವವರಿಗೆ ಕೊನೆಯ ಕವಲು ಸಾಕು. ಇಡೀ ಸರಣಿ ನೋಡುವವರಿಗೆ ಬಿಡುಗಡೆಯ ಕ್ರಮವೇ ಸರಿ. ಎಚ್20 ಯಾವುದನ್ನು ಅಳಿಸಿತೆಂದು ತಿಳಿಯಲು ಆರನೆಯದನ್ನು ನೋಡಿರಬೇಕು. 2018ರ ಮೊಮ್ಮಗಳ ಮಾತಿನ ಚುಚ್ಚು ತಾಗುವುದು ಆ ಅಣ್ಣ–ತಂಗಿಯರನ್ನು ಹಲವು ಚಿತ್ರಗಳಲ್ಲಿ ಸಹಿಸಿಕೊಂಡವರಿಗೆ ಮಾತ್ರ.

‘ಎಂಡ್ಸ್’ ಕೊನೆಯಲ್ಲಿ ಮೈಕೆಲ್‌ನ ಹೆಣವನ್ನು ಊರವರ ಕಣ್ಣೆದುರೇ ಗುಜರಿ ಅಂಗಳದ ಯಂತ್ರಕ್ಕೆ ಹಾಕಿ ಪುಡಿ ಮಾಡುತ್ತಾರೆ. ಮರುವರ್ಷ, 2023ರ ಅಕ್ಟೋಬರಿನಲ್ಲಿ, ಹ್ಯಾಲೋವೀನ್ ಕಥೆಯ ಟಿವಿ ಹಕ್ಕುಗಳನ್ನು ಮಿರಾಮ್ಯಾಕ್ಸ್ ಸಂಸ್ಥೆ ಕೊಂಡುಕೊಂಡಿತು.